ಬುಲೆಟ್ಟಿಗೊಂದು ಕೌದಿ

ಪುಸ್ತಕ, ಸಿನಿಮಾ, ನಾಟಕ, ಅಪರೂಪಕ್ಕೊಮ್ಮೆ ಹೋಟೆಲ್ಲಿನ ಊಟ. ನಾವು ವಿಮರ್ಶೆ ಬರೆಯುವುದು ಇವುಗಳ ಬಗ್ಗೆ. ಬೈಕಿನ ಬಗ್ಗೆ ಬರೆಯಲು ಕೂತರೆ ಮೈಲೇಜು, ಪಿಕಪ್ಪು, ಸರ್ವಿಸಿನ ಖರ್ಚು ಎಂದು ಲೆಕ್ಕ ಒಪ್ಪಿಸಿ ಮುಗಿಸುತ್ತೇವೆ. ಶೋರೂಮಿನಿಂದ ಹೊರಬಿದ್ದ ಮೇಲೆ ಅದರ ಯಜಮಾನ ಅದಕ್ಕೆ ಏನು ಕಟ್ಟಿದ, ಏನು ಬರೆದ, ಏನು ಹೊಲಿದು ಹಾಕಿದ ಎಂಬುದನ್ನು ಯಾರೂ ಓದುವುದಿಲ್ಲ. ನಾನು ಮೂರು ವರ್ಷದಿಂದ ವಿಶಾಖಪಟ್ಟಣದಲ್ಲಿದ್ದೇನೆ. ಕೆಲಸದ ನಿಮಿತ್ತ ತಿಂಗಳಿಗೊಮ್ಮೆಯಾದರೂ ವಿಜಯವಾಡಕ್ಕೆ ಹೋಗಬೇಕು. ರೈಲಿದೆ, ಬಸ್ಸಿದೆ, ಆದರೂ ಸಾಧ್ಯವಾದಾಗಲೆಲ್ಲ ಬೈಕಿನಲ್ಲೇ ಹೋಗುತ್ತೇನೆ. ಅನಕಾಪಲ್ಲಿ, ತುನಿ, ಅನ್ನವರಂ, ರಾಜಮಹೇಂದ್ರವರಂ, ಏಲೂರು ಎಂದು ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿ.ಮೀ. ದಾರಿಯ ಟೀ ಅಂಗಡಿಗಳ ಮುಂದೆ ನಿಂತ ಬೈಕುಗಳನ್ನು ನೋಡುವುದು ನನ್ನ ಚಟ. ನೋಡಿ ನೋಡಿ ಒಂದು ಅಭಿಪ್ರಾಯ ಬಂದಿದೆ: ಇವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ಕೃತಿಗಳು, ಹೆಚ್ಚಿನವು ಸಾಧಾರಣ, ಕೆಲವಂತೂ ಕೆಟ್ಟವು. ಕೆಟ್ಟದ್ದನ್ನು ಕೆಟ್ಟದ್ದು ಎಂದು ಹೇಳುವವರಿಲ್ಲದ ಕಡೆ ಒಳ್ಳೆಯದಕ್ಕೂ ಬೆಲೆ ಸಿಗುವುದಿಲ್ಲ. ಅದಕ್ಕೇ ಈ ಬರಹ.

ಅಳತೆಗೋಲು ಯಾವುದು ಎಂದು ಕೇಳಬಹುದು. ನನಗೆ ಸಿಕ್ಕಿದ್ದು ಪದದಲ್ಲೇ. ಆನಂದ ಕುಮಾರಸ್ವಾಮಿ 1939ರಲ್ಲಿ ಅಲಂಕಾರದ ಬಗ್ಗೆ ಒಂದು ಪ್ರಬಂಧ ಬರೆದರು. ಅಲಂ ಎಂದರೆ ಸಾಕು, ಸಾಕಷ್ಟು. ಸಾಲದ್ದನ್ನು ಸಾಕಾಗಿಸುವುದೇ ಅಲಂಕಾರ, ಮೂಲದಲ್ಲಿ ಅದು ಮೇಲಿನಿಂದ ಬಳಿದ ಚಂದವಲ್ಲ, ಒಂದು ವಸ್ತು ತನ್ನ ಕೆಲಸ ಮಾಡಲು ಬೇಕಾದ ಸಲಕರಣೆ ಎಂಬುದು ಅವರ ವಾದ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಿಂದ ಹಿಡಿದು ಅಲಂಕಾರಶಾಸ್ತ್ರವನ್ನು ಓದಿಕೊಂಡು ಬಂದ ನಾವು ಕಾವ್ಯದ ವಿಷಯದಲ್ಲಿ ಇದನ್ನು ಒಪ್ಪುತ್ತೇವೆ. ಬೈಕಿಗೆ ಯಾಕೆ ಒಪ್ಪಬಾರದು? ಹಾಗಾಗಿ ನನ್ನ ಪ್ರಶ್ನೆ ಸರಳ. ಈ ಗಾಡಿಯಲ್ಲಿ ಏನು ಸಾಲದಾಗಿತ್ತು? ನೀನು ಕಟ್ಟಿದ್ದು ಅದನ್ನು ಸಾಕಾಗಿಸಿತೆ?

ಇದು ಇಂಜಿನಿಯರನ ಒಣ ಮಾತು ಅನ್ನಿಸಬಹುದು. ಅಲ್ಲ. ಇದು ನಮ್ಮ ಊರಿನ ಎತ್ತುಗಳಿಂದ ಕಲಿತದ್ದು. ಇಳಕಲ್ಲಿನ ಕಡೆ ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುವುದನ್ನು ನೋಡಿದವರಿಗೆ ಗೊತ್ತು. ಕೊಂಬಿಗೆ ಬಣ್ಣ, ತುದಿಗೆ ಹಿತ್ತಾಳೆಯ ಕೊಂಬಣಸು, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಜೂಲ. ನೋಡಲು ಮದುವಣಿಗ. ಆದರೆ ಒಂದೊಂದಕ್ಕೂ ಒಂದು ದಂದುಗವಿದೆ. ಕೊಂಬಣಸು ಕೊಂಬಿನ ತುದಿ ಸೀಳದಂತೆ, ಪಕ್ಕದ ಎತ್ತಿಗೆ ಚುಚ್ಚದಂತೆ ಕಾಯುತ್ತದೆ. ಹಣೆಯ ಗೊಂಡೆ ಅಲ್ಲಾಡಿದಾಗ ಕಣ್ಣಿನ ಮೇಲಿನ ನೊಣ ಏಳುತ್ತದೆ. ಗೆಜ್ಜೆಯ ಸದ್ದು ಕತ್ತಲಲ್ಲಿ ಎದುರು ಬರುವ ಗಾಡಿಗೆ ಎಚ್ಚರಿಕೆ. ಆಂಧ್ರದಲ್ಲಿ ಅದೇ ಜ್ಯೇಷ್ಠದ ಹುಣ್ಣಿಮೆಯೇ ಏರುವಾಕ ಪುನ್ನಮಿ. ಎತ್ತೂ ಅದೇ, ಬಣ್ಣವೂ ಅದೇ, ಹಾಡು ಮಾತ್ರ ಬೇರೆ.

ಎತ್ತಿನಿಂದ ಈ ವಿದ್ಯೆ ಸೈಕಲ್ಲಿಗೆ ಬಂತು. ಚಕ್ರದ ಹಬ್ಬಿಗೆ ಹಾಕುತ್ತಿದ್ದ ಬಣ್ಣದ ಕುಚ್ಚಿನ ಬಳೆ ನೆನಪಿದೆಯೆ? ಚಕ್ರ ತಿರುಗಿದಂತೆ ಅದು ತಾನೂ ಉರುಳುತ್ತ ಹಬ್ಬಿನ ಧೂಳು ಒರೆಸುತ್ತಿತ್ತು. ನಮ್ಮ ಕಾಕಾನ ಯೆಜ್ಡಿಗೂ ಅದೇ ಬಳೆ ಇತ್ತು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ತಯಾರಿಸಿದ ಆ ಗಾಡಿಗಳು ನಮ್ಮ ಜಿಲ್ಲೆಗಳಲ್ಲಿ ಎತ್ತಿನ ಉತ್ತರಾಧಿಕಾರಿಗಳಂತೆಯೇ ಬದುಕಿದವು. ಕಾಕಾ ಅದಕ್ಕೆ ಬೈಯುತ್ತಿದ್ದದ್ದೂ ಎತ್ತಿಗೆ ಬೈಯುವ ಮಾತಿನಲ್ಲೇ.

ಈಗ ಹೆದ್ದಾರಿಗೆ ಬರೋಣ. ಇವತ್ತಿನ ಟೂರಿಂಗ್ ಬೈಕಿನ ಅತಿ ಸಾಮಾನ್ಯ ಅಲಂಕಾರ ಯಾವುದೆಂದು ನಿಮಗೂ ಗೊತ್ತು. ಹ್ಯಾಂಡಲ್ಲಿಗೆ ಅಡ್ಡಲಾಗಿ ಕಟ್ಟಿದ ಐದು ಬಣ್ಣದ ಬೌದ್ಧ ಪ್ರಾರ್ಥನಾ ಪತಾಕೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಲಡಾಖಿಗೆ ಹೋಗಿ ಬಂದವನು ಕಟ್ಟಿಕೊಂಡು ಬಂದರೆ ಅದಕ್ಕೊಂದು ಅರ್ಥ. ರುಷಿಕೊಂಡದ ಬೀಚಿನ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಸಾಲಾಗಿ ನಿಲ್ಲುವ ಬೈಕುಗಳಲ್ಲಿ ಕೆಲವು ಭೀಮಿಲಿಯ ಆಚೆಗೇ ಹೋಗಿಲ್ಲ, ಪತಾಕೆ ಮಾತ್ರ ಖಾರ್ದುಂಗ್ಲಾದ್ದು, ಅದೂ ಕೊರಿಯರಿನಲ್ಲಿ ಬಂದದ್ದು. ಓದದ ಪುಸ್ತಕದಿಂದ ಎತ್ತಿದ ಉಲ್ಲೇಖ ಇದು. ಆದರೆ ನನ್ನ ತಕರಾರು ಹೋಗಲಿಲ್ಲ ಎಂಬುದರ ಮೇಲಲ್ಲ. ಪತಾಕೆಯ ಹುಟ್ಟುಗುಣವೇ ಮಾಸುವುದು. ಗಾಳಿ ಬೀಸಿದಷ್ಟೂ ಅದರ ಮೇಲಿನ ಪ್ರಾರ್ಥನೆ ಲೋಕಕ್ಕೆ ಹಂಚಿಹೋಗಿ ಬಟ್ಟೆ ಬಿಳಿಚಿಕೊಳ್ಳಬೇಕು, ಎಳೆ ಬಿಡಬೇಕು, ಆಮೇಲೆ ಹೊಸದು ಬರಬೇಕು. ಈಗ ಬರುತ್ತಿರುವುದು ಪಾಲಿಯೆಸ್ಟರು. ವಿಶಾಖಪಟ್ಟಣದ ಉಪ್ಪುಗಾಳಿಗೆ ಸೈಲೆನ್ಸರು ತುಕ್ಕು ಹಿಡಿದರೂ ಪತಾಕೆ ಮಿರಮಿರ ಅನ್ನುತ್ತಿರುತ್ತದೆ. ತುನಿಯ ಹತ್ತಿರ ಒಬ್ಬ ಮುದುಕರ ಬೈಕಿನಲ್ಲಿ ಮಾತ್ರ ಹಗ್ಗ ಮತ್ತು ಹಗ್ಗಕ್ಕೆ ಅಂಟಿದ ನಾಲ್ಕಾರು ಎಳೆ ಉಳಿದದ್ದನ್ನು ಕಂಡೆ. ಏನೆಂದು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ತುನಿ ಅಂದ ಮೇಲೆ ಲೋವದ ತಲುಪುಲಮ್ಮನನ್ನು ಬಿಟ್ಟು ಹೋಗುವಂತಿಲ್ಲ. ಈ ಸೀಮೆಯಲ್ಲಿ ಹೊಸ ಗಾಡಿ ಕೊಂಡವರು ಪೂಜೆಗೆ ಹೋಗುವುದು ಆ ಬೆಟ್ಟದ ತಾಯಿಯ ಬಳಿ. ಆಕೆಯ ಹೆಸರು ಲಾರಿ, ಆಟೊ, ಬೈಕುಗಳ ಮೇಲೆ ಇರುತ್ತದೆ. ವಿಜಯವಾಡದಲ್ಲಿ ಇಂದ್ರಕೀಲಾದ್ರಿಯ ದುರ್ಗಮ್ಮ. ನಿಂಬೆಹಣ್ಣು, ಮೆಣಸಿನಕಾಯಿ, ಕಪ್ಪು ದಾರ, ಕುಂಕುಮದ ಬೊಟ್ಟು. ಇವುಗಳನ್ನು ನಾನು ವಿಮರ್ಶಿಸುವುದಿಲ್ಲ. ಅವು ನೋಡುವವರಿಗಾಗಿ ಇಟ್ಟದ್ದಲ್ಲ.

ಗೊಂಬೆಗಳ ವಿಷಯ ಹಾಗಲ್ಲ, ಅದರಲ್ಲಿ ನನಗೆ ಹೇಳುವುದಿದೆ. ನಾನು ಓಡಾಡುವ ಈ ದಾರಿಯ ಎರಡು ತುದಿಗೆ ಎರಡು ಗೊಂಬೆಯೂರುಗಳು. ವಿಜಯವಾಡದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಕೊಂಡಪಲ್ಲಿ. ವಿಶಾಖಪಟ್ಟಣದಿಂದ ಸುಮಾರು 65 ಕಿ.ಮೀ. ದೂರದಲ್ಲಿ, ಈಗಿನ ಅನಕಾಪಲ್ಲಿ ಜಿಲ್ಲೆಯ ವರಾಹ ನದಿಯ ದಂಡೆಯಲ್ಲಿ ಏಟಿಕೊಪ್ಪಾಕ. ಎರಡಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಎರಡೂ ಮರದ ಗೊಂಬೆಯೇ. ಆದರೆ ಹುಟ್ಟು ಪೂರ್ತಿ ಬೇರೆ. ಕೊಂಡಪಲ್ಲಿಯವರು ತೆಲ್ಲ ಪೊಣಿಕಿ ಎಂಬ ಹಗುರ ಮರವನ್ನು ಕೆತ್ತಿ, ಕೈ ಕಾಲು ತಲೆಗಳನ್ನು ಬೇರೆ ಬೇರೆ ಮಾಡಿ, ಹುಣಸೆಬೀಜ ಮತ್ತು ಮರದ ಹುಡಿಯ ಅಂಟಿನಿಂದ ಜೋಡಿಸಿ, ಮೇಲೆ ಬಣ್ಣ ಹಚ್ಚುತ್ತಾರೆ. ಅಂಬಾರಿ ಆನೆ, ದಶಾವತಾರ, ತಾಳೆಮರ ಹತ್ತುವವನು, ಎತ್ತಿನ ಗಾಡಿ. ಸಂಕ್ರಾಂತಿಯ ಬೊಮ್ಮಲ ಕೊಲುವಿನಲ್ಲಿ, ನಮ್ಮ ಮೈಸೂರಿನವರ ದಸರಾ ಗೊಂಬೆ ಸಾಲಿನಂತೆ, ಮೆಟ್ಟಿಲ ಮೇಲೆ ಕೂತು ನೋಡಿಸಿಕೊಳ್ಳುವ ಗೊಂಬೆಗಳು. ಏಟಿಕೊಪ್ಪಾಕದ್ದು ಲೇತಿನ ಕೂಸು. ಅಂಕುಡು ಮರದ ತುಂಡನ್ನು ತಿರುಗಿಸುತ್ತ, ತಿರುಗುವ ಘರ್ಷಣೆಯ ಬಿಸಿಯಿಂದಲೇ ಬಣ್ಣದ ಅರಗನ್ನು ಮರಕ್ಕೆ ಹತ್ತಿಸುವುದು. ನಮ್ಮ ಚನ್ನಪಟ್ಟಣದವರು ಬಳಸುವ ಆಲೆಮರವೂ ಅದೇ ಜಾತಿಯ ಮರ. ಅರಿಸಿನ, ನೀಲಿ, ರಂಗುಮಾಲೆಯ ಬೀಜ ಮುಂತಾದವುಗಳಿಂದ ಸಸ್ಯಬಣ್ಣ ತಯಾರಿಸುವ ಪದ್ಧತಿಯನ್ನು ಅಲ್ಲಿ ಮತ್ತೆ ಗಟ್ಟಿ ಮಾಡಿದ ಸಿ. ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಇಷ್ಟು ವಿವರ ಯಾಕೆ ಕೊಟ್ಟೆ ಎಂದರೆ, ಬೈಕಿನ ಮೇಲೆ ಯಾವುದು ನಿಲ್ಲುತ್ತದೆ, ಯಾವುದು ಇಲ್ಲ ಎಂಬುದು ಈ ಹುಟ್ಟಿನಲ್ಲೇ ಇದೆ. ವಿಜಯವಾಡದಲ್ಲಿ ನಮ್ಮ ತಂಡದ ಹುಡುಗನೊಬ್ಬ ಕೊಂಡಪಲ್ಲಿಯ ಅಂಬಾರಿ ಆನೆಯನ್ನು ತನ್ನ ಬೈಕಿನ ವೈಸರಿನ ಹಿಂದೆ ಅಂಟಿಸಿಕೊಂಡ. ನಿಲ್ಲಿಸಿದಾಗ ಬಹಳ ಚಂದ. ಸಿಂಗಲ್ ಸಿಲಿಂಡರಿನ ನಡುಕಕ್ಕೆ ಏಲೂರು ತಲುಪುವಷ್ಟರಲ್ಲಿ ಮಾವುತ ಕಳಚಿ ಬಿದ್ದ. ಮೊದಲ ಮಳೆಗೆ ಅಂಬಾರಿಯ ಕೆಂಪು ಇಳಿದು ಆನೆಯ ಕಿವಿಗೆ ಬಂತು. ತಪ್ಪು ಗೊಂಬೆಯದ್ದಲ್ಲ. ಅದು ಕೂರಲು ಹುಟ್ಟಿದ್ದು, ಇವನು ಓಡಿಸಿದ.

ಇದಕ್ಕೆ ಪ್ರತಿಯಾಗಿ ಗಾಜುವಾಕದ ಒಬ್ಬರ ಬುಲೆಟ್ಟು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರು. ಹ್ಯಾಂಡಲ್ಲಿನ ಎರಡು ತುದಿಗೆ ಏಟಿಕೊಪ್ಪಾಕದ ಅರಗಿನ ಗುಂಡುಗಳು. ಹಳದಿ, ಅದರ ಮೇಲೆ ಕೆಂಪು ಗೆರೆ, ಮತ್ತೆ ಹಳದಿ. ಬಿಚ್ಚಿ ತೋರಿಸಿದರು. ಒಳಗೆ ತಾವೇ ಲೇತಿನಲ್ಲಿ ತಿರುಗಿಸಿದ ಉಕ್ಕಿನ ಸರಳು. ಹ್ಯಾಂಡಲ್ಲಿನ ತುದಿಗೆ ತೂಕ ಕಟ್ಟಿದರೆ ಅದರ ಸಹಜ ಕಂಪನಾಂಕ ಕೆಳಗಿಳಿಯುತ್ತದೆ, ಓಡುವ ವೇಗದಲ್ಲಿ ಇಂಜಿನ್ನಿನ ಬಡಿತಕ್ಕೆ ಅದು ಕುಣಿಯುವುದು ತಪ್ಪುತ್ತದೆ. ಕಂಪನಿಗಳು ಇದನ್ನೇ ಬಾರ್ ಎಂಡ್ ವೇಯ್ಟ್ ಎಂದು ಮಾರುತ್ತವೆ. ಇವರು ಆ ತೂಕಕ್ಕೆ ಮರದ ಕವಚ ತೊಡಿಸಿದ್ದಾರೆ. ಅರಗು ಬಿಸಿಗೆ ಮೆದುವಾಗುವ ವಸ್ತು, ಆದ್ದರಿಂದ ಇಂಜಿನ್ನಿನ ಹತ್ತಿರ ಎಲ್ಲೂ ಬಳಸಿಲ್ಲ, ಗಾಳಿ ಬಡಿಯುವ ಹ್ಯಾಂಡಲ್ಲಿನ ತುದಿಗೇ ಇಟ್ಟಿದ್ದಾರೆ. ಕೈಯಿಟ್ಟು ಓಡಿಸಿ ನೋಡಿದೆ. ಅಂಗೈಯ ಜುಮುಗುಡುವಿಕೆ ಕಡಿಮೆ. ಎತ್ತಿನ ಕೊಂಬಿನ ತುದಿಗೆ ಕೊಂಬಣಸು ಇದ್ದ ಜಾಗದಲ್ಲೇ ಇವರ ಗುಂಡು ಇದೆ ಎಂದು ನನಗೆ ಹೊಳೆದದ್ದು ಆಮೇಲೆ. ಅವರಿಗೆ ಹೇಳಿದಾಗ ನಕ್ಕು, 'ಮಾ ನಾನ್ನಗಾರು ಎಡ್ಲು ಪೆಂಚೇವಾರು' ಅಂದರು. ಅವರ ತಂದೆ ಎತ್ತು ಸಾಕಿದವರಂತೆ. ನಾನು ಈ ದಾರಿಯಲ್ಲಿ ನೋಡಿದ್ದರಲ್ಲಿ ಇದಕ್ಕಿಂತ ಪೂರ್ಣವಾದ ಕೆಲಸ ಇನ್ನೊಂದಿಲ್ಲ.

ಕಾನೂನಿನವರು ಕೇಳುವ ಮೊದಲು ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ್ದಕ್ಕೂ ನೋಂದಣಿ ಪತ್ರದ ವಿವರಕ್ಕೂ ತಾಳೆಯಾಗದಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಸೈಲೆನ್ಸರ್ ಬದಲಿಸಿ ಊರೆಲ್ಲ ಎಬ್ಬಿಸುವವರಿಗೆ ಇದು ಬೇಕಾದ ಮಾತೇ. ಗೊಂಡೆ, ಗುಂಡು, ಹೊದಿಕೆಗಳು ಈ ಲೆಕ್ಕದಲ್ಲಿ ಬರುವುದಿಲ್ಲ. ದೀಪ ಮತ್ತು ನಂಬರ್ ಪ್ಲೇಟು ಮುಚ್ಚದಿದ್ದರೆ ಸರಿ.

ನಂಬರ್ ಪ್ಲೇಟು ಅಂದೆನಲ್ಲ, ನಿಜವಾದ ಕಥೆ ಇರುವುದು ಅಲ್ಲಿ. ಮೊದಲು ಎಪಿ 31 ಎಂದರೆ ವಿಶಾಖಪಟ್ಟಣ, ಎಪಿ 16 ಎಂದರೆ ವಿಜಯವಾಡದ ಕೃಷ್ಣಾ ಜಿಲ್ಲೆ. 2019ರಲ್ಲಿ ಆಂಧ್ರದವರು ಇಡೀ ರಾಜ್ಯಕ್ಕೆ ಒಂದೇ ಸರಣಿ ಮಾಡಿ ಎಪಿ 39 ಎಂದರು. ಅಂದಿನಿಂದ ಇಲ್ಲಿನ ಹೊಸ ಬೈಕಿನ ಪ್ಲೇಟು ಜಿಲ್ಲೆ ಹೇಳುವುದಿಲ್ಲ. ನಮ್ಮ ಕಡೆ ಇನ್ನೂ ಕೆಎ 29 ಕಂಡರೆ ಬಾಗಲಕೋಟೆ ಎಂದು ಬೆಂಗಳೂರಿನ ಸಿಗ್ನಲ್ಲಿನಲ್ಲೂ ಮಾತಾಡಿಸಬಹುದು. ನನ್ನ ಬುಲೆಟ್ಟಿನ ಕಥೆ ಇನ್ನೂ ವಿಚಿತ್ರ. ಪುಣೆಯಲ್ಲಿದ್ದಾಗ 2022ರಲ್ಲಿ ಕೊಂಡದ್ದು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಆಫೀಸಿರುವ ಕಂಪನಿಯ ನೌಕರ ಎಂಬ ಕಾರಣಕ್ಕೆ ಬಿಎಚ್ ಸರಣಿ ಸಿಕ್ಕಿತು. 2021ರಲ್ಲಿ ಶುರುವಾದ ಈ ಸರಣಿಯ ಪ್ಲೇಟಿನಲ್ಲಿ ಇಸವಿ ಇದೆ, ಭಾರತ ಇದೆ, ರಾಜ್ಯವೇ ಇಲ್ಲ. ವರ್ಗವಾದಾಗಲೆಲ್ಲ ಎನ್‌ಒಸಿಗೆ ಓಡಾಡುವ ತಲೆನೋವಿಲ್ಲ, ನಿಜ. ನನ್ನಂಥವನಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ಆದರೆ ಪೆಟ್ರೋಲ್ ಬಂಕಿನಲ್ಲಿ ಹುಡುಗ ಪ್ಲೇಟು ನೋಡಿ 'ಏ ಊರು ಸಾರ್ ಮೀದಿ?' ಎಂದು ಕೇಳಿದಾಗ ಅದು ಉತ್ತರ ಕೊಡುವುದಿಲ್ಲ. ನನ್ನ ಗಾಡಿಯಲ್ಲಿ ಸಾಲದಾಗಿದ್ದದ್ದು ಇದು.

ಇದೇ ಕೊರತೆಯನ್ನು ನಮ್ಮವರು ತುಂಬಿಸುವ ರೀತಿ ನನಗೆ ಸಮಾಧಾನ ತಂದಿಲ್ಲ. ಹೊರನಾಡಿನ ಕನ್ನಡಿಗರ ಬೈಕು ಎಂದರೆ ಕೆಂಪು ಹಳದಿಯ ಪುಟ್ಟ ಬಾವುಟ, ಇಲ್ಲವೇ 'ಕನ್ನಡಿಗ' ಎಂಬ ವಿನೈಲ್ ಸ್ಟಿಕ್ಕರು, 2021ರ ಅಕ್ಟೋಬರ್ 29ರ ನಂತರ ಅಪ್ಪುವಿನ ನಗುಮುಖ. ಬಾವುಟದ ಬಗ್ಗೆ ನನಗೆ ಅಸಡ್ಡೆಯಿಲ್ಲ. ನವೆಂಬರ್ 1 ನಮ್ಮಂತೆ ಇಲ್ಲಿಯವರಿಗೂ 1956ರ ನೆನಪಿನ ದಿನವಾದ್ದರಿಂದ ಅದನ್ನು ಕಟ್ಟಿಕೊಂಡು ಓಡಾಡಿದರೆ ಟೀ ಅಂಗಡಿಯವರು ಪ್ರೀತಿಯಿಂದಲೇ ಮಾತಾಡಿಸುತ್ತಾರೆ. ಆದರೆ ಆ ಸ್ಟಿಕ್ಕರು ಯಾವ ಕನ್ನಡಿಗ ಎಂದು ಹೇಳುವುದಿಲ್ಲ. ನನ್ನದೂ ಅದೇ, ಮಂಗಳೂರಿನವನದೂ ಅದೇ, ಕೋಲಾರದವನದೂ ಅದೇ ಫಾಂಟಿನಲ್ಲಿ ಅದೇ ಅಕ್ಷರ. ಬಿಎಚ್ ಎಂಬಲ್ಲಿ ಕೆಎ ಎಂದು ಬರೆದಂತಾಯಿತು, ಅಷ್ಟೇ. ಹೊರನಾಡಿನಲ್ಲಿ ಕೂತು ನಾವು ಬರೆಯುವ ಕವಿತೆ, ಲಹರಿಗಳಲ್ಲೂ ಈ ಸ್ಟಿಕ್ಕರುಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಳೆ, ಮಲೆನಾಡು, ಅಮ್ಮನ ಕೈತುತ್ತು. ಬಯಲುಸೀಮೆಯಲ್ಲಿ ಹುಟ್ಟಿದವನೂ ಮಲೆನಾಡಿನ ಮಳೆಯನ್ನೇ ನೆನೆಯುತ್ತಾನೆ! ಇದನ್ನು ಓದಿ ಕೆಲವರಿಗೆ ಬೇಸರವಾಗಬಹುದು. ಆಗಲಿ.

ಮಾದರಿ ಬೇಕೆಂದರೆ ವಿಜಯವಾಡದಲ್ಲಿ ಒಬ್ಬರಿದ್ದಾರೆ. ಆಟೊ ನಗರದಲ್ಲಿ ಬಿಡಿಭಾಗಗಳ ವ್ಯಾಪಾರ. ಹುಟ್ಟಿದ್ದು ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನಲ್ಲಿ. ತುಂಗಭದ್ರೆಯ ಕಾಲುವೆ ಬಂದಾಗ ಕರಾವಳಿ ಆಂಧ್ರದ ರೈತರು ಹೋಗಿ ನೆಲೆಸಿದ ಕ್ಯಾಂಪುಗಳು ನಿಮಗೆ ಗೊತ್ತಿರಬಹುದು. ಅಜ್ಜ ಇಲ್ಲಿಂದ ಅಲ್ಲಿಗೆ ಹೋದರು, ಮೊಮ್ಮಗ ಅಲ್ಲಿಂದ ಇಲ್ಲಿಗೆ ಬಂದಿದ್ದಾರೆ. ಅಲ್ಲಿ ಇವರನ್ನು ಆಂಧ್ರದವರು ಅನ್ನುತ್ತಿದ್ದರು, ಇಲ್ಲಿ ಕರ್ನಾಟಕದವರು ಅನ್ನುತ್ತಾರೆ. ಇವರ ಬೈಕಿನ ಹಿಂದೆ ಎರಡು ತಗಡಿನ ಪೆಟ್ಟಿಗೆ. ಇವರೇ ಮಡಚಿ, ರಿವೆಟ್ ಹೊಡೆದು ಮಾಡಿದ್ದು. ಪೆಟ್ಟಿಗೆಗಳ ಹೊರಮೈಯನ್ನು ಹೆದ್ದಾರಿಯ ಮೈಲಿಗಲ್ಲಿನಂತೆ ಬಳಿದಿದ್ದಾರೆ. ಮೇಲೆ ಹಳದಿ ಕಮಾನು, ಕೆಳಗೆ ಬಿಳಿ. ಎಡಗಡೆ ಕನ್ನಡದಲ್ಲಿ, ಬಲಗಡೆ ತೆಲುಗಿನಲ್ಲಿ ಆ ಕ್ಯಾಂಪಿನ ಹೆಸರು, ಎನಾಮಲ್ ಬಣ್ಣದಲ್ಲಿ ಕೈಯಿಂದಲೇ ಬರೆದದ್ದು. ಕಿಲೋಮೀಟರಿನ ಅಂಕಿ ಇರಬೇಕಾದ ಜಾಗ ಮಾತ್ರ ಕಪ್ಪು ಹಲಗೆ. ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಂದ ಕ್ಯಾಂಪಿಗೆ ಎಷ್ಟು ದೂರವೋ ಅದನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಅಕ್ಷರಗಳು ಸ್ವಲ್ಪ ಸೊಟ್ಟ. ತೆಲುಗು ಕಡೆಯದು ಕನ್ನಡಕ್ಕಿಂತ ಸೊಟ್ಟ. ಯಾವ ಭಾಷೆಯ ಶಾಲೆಯಲ್ಲಿ ಕಲಿತರು ಎಂಬುದು ಅಲ್ಲೇ ಗೊತ್ತಾಗುತ್ತದೆ. ಪ್ಲಾಟರ್ ಮಿಷನ್ನಿನಲ್ಲಿ ಕತ್ತರಿಸಿದ ಸ್ಟಿಕ್ಕರು ಇಷ್ಟು ಹೇಳುತ್ತಿತ್ತೆ? ಆಟೊ ನಗರದಲ್ಲಿ ಲಾರಿಗಳಿಗೆ ಕುಂಚ ಹಿಡಿದು ಬರೆಯುವವರು ಇನ್ನೂ ಇದ್ದಾರೆ, ಅವರ ಕೈಯಲ್ಲಿ ಬರೆಸಿದ್ದರೆ ಅಕ್ಷರ ದುಂಡಗಿರುತ್ತಿತ್ತು. ಇವರು ಬರೆಸಲಿಲ್ಲ. ಸರಿಯಾಗಿ ಮಾಡಿದರು ಎಂದು ನನ್ನ ತೀರ್ಪು.

ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಬಾಟಲಿ ಮುಚ್ಚಳಗಳ ಹಾರ, ಟ್ಯಾಂಕಿನ ಮೇಲೆ ಮೊಳೆ ಹೊಡೆದಂತೆ ಅಂಟಿಸಿದ ಗಾಜಿನ ಹರಳು, ಹೆಡ್‌ಲೈಟಿಗೆ ರೆಪ್ಪೆ. ಇವೂ ಮನೆಯವೇ. ಕೈಯಿಂದ ಮಾಡಿದೆ ಎಂಬುದು ರಿಯಾಯಿತಿಯ ಕಾರಣವಾಗಬಾರದು. ಹಾಗೆಂದು ಕಂಪನಿಯ ನುಣುಪನ್ನೇ ಪೂಜಿಸುವುದೂ ಒಂದು ರೋಗ. ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ಮೋಟಾರ್‌ಸೈಕಲ್ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಗೆಳೆಯನ ಹೊಸ ಬಿಎಂಡಬ್ಲ್ಯೂ ಬೈಕಿನ ಹ್ಯಾಂಡಲ್ ಸಡಿಲವಾಗಿ ಜಾರುತ್ತಿರುತ್ತದೆ. ಬಿಯರ್ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ಕೊಟ್ಟರೆ ಸರಿಹೋಗುತ್ತದೆ ಎಂದು ನಿರೂಪಕ ಹೇಳಿದರೆ ಗೆಳೆಯ ಮುಖ ಸಿಂಡರಿಸುತ್ತಾನೆ. ತಗಡು ಆ ಕೆಲಸಕ್ಕೆ ಅತ್ಯುತ್ತಮ. ಆದರೆ ಅದು ಬಿಯರ್ ಡಬ್ಬಿಯದು ಎಂಬುದನ್ನು ಗೆಳೆಯನಿಗೆ ಮರೆಯಲಾಗದು. ಕನ್ನಡದಲ್ಲಿ ಯಂತ್ರದ ಜತೆ ಕೈ ಮಸಿ ಮಾಡಿಕೊಂಡು ಮಾತಾಡಿದವರು ತೇಜಸ್ವಿ. 'ಅಣ್ಣನ ನೆನಪು' ಪುಸ್ತಕದ ಕಾರು ರಿಪೇರಿಯ ಪುರಾಣಗಳನ್ನು ಓದಿದವರಿಗೆ ಪಿರ್ಸಿಗ್ ಹೊಸಬನಲ್ಲ. ಆದರೆ ಇಬ್ಬರೂ ರಿಪೇರಿಯ ಬಗ್ಗೆ ಬರೆದವರು. ಸಿಂಗಾರವೂ ಒಂದು ಬಗೆಯ ರಿಪೇರಿ ಎಂಬ ಮಾತನ್ನು ನಾನು ಅವರಿಂದಲ್ಲ, ಅವ್ವನಿಂದ ಕಲಿಯಬೇಕಾಯಿತು.

ನನ್ನ ಬುಲೆಟ್ಟಿನ ಉದ್ದ ಸೀಟಿನ ಮೇಲಿರುವುದು ಅವ್ವ ಹೊಲಿದ ಕೌದಿ. ವಿಜಯವಾಡಕ್ಕೆ ಬ್ಲೇಜ್‌ವಾಡ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಮೇ ತಿಂಗಳಲ್ಲಿ ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿದ ರೆಕ್ಸಿನ್ ಸೀಟು ಕಾದ ಹೆಂಚು. ಮಾರುಕಟ್ಟೆಯಲ್ಲಿ ಜಾಳಿಗೆಯ ಕವರು ಸಿಗುತ್ತದೆ, ಜೆಲ್ ದಿಂಬು ಸಿಗುತ್ತದೆ. ಫೋನಿನಲ್ಲಿ ಈ ಮಾತು ಬಂದಾಗ ಅವ್ವ ಕೇಳಿದ್ದು, 'ಅದೇನ್ ಎತ್ತ ಐತೇನಪಾ, ಜೂಲ ಹೊದಿಸಾಕ?' ಹಾಗೆಂದವಳೇ ಮುಂದಿನ ಸಲ ಊರಿಗೆ ಹೋದಾಗ ಸೀಟಿನ ಅಳತೆ ಕೇಳಿದಳು. ನಾನು ಸೆಂಟಿಮೀಟರಿನಲ್ಲಿ ಕೊಟ್ಟೆ. ಅವಳು ಅದನ್ನು ಬದಿಗಿಟ್ಟು ಗಾಡಿಯ ಬಳಿಗೇ ಬಂದು ಗೇಣಿನಲ್ಲಿ ಅಳೆದಳು.

ಕೃತಿಯಾಗಿ ಇದನ್ನು ನೋಡಿ. ಐದು ಪದರ ಹಳೆಯ ಸೀರೆ. ಮೇಲ್ಪದರದಲ್ಲಿ ಇಳಕಲ್ ಸೀರೆಯ ಮಾಸಿದ ದಾಳಿಂಬೆ ಬಣ್ಣ, ನಡುನಡುವೆ ಗುಳೇದಗುಡ್ಡದ ಖಣದ ತುಂಡುಗಳು. ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ಒಳಕ್ಕೆ ಬರುವ ಒಂಟಿ ದಾರದ ಟಾಕಿ. ಕೂತವನ ಭಾರ ಒಂದೇ ಕಡೆ ಬೀಳದೆ ಆ ಟಾಕಿಗಳ ಗುಂಟ ಹಂಚಿಹೋಗುತ್ತದೆ. ಹತ್ತಿ ಬೆವರು ಹೀರುತ್ತದೆ, ಗಾಳಿಗೆ ಒಣಗುತ್ತದೆ. ಮಳೆ ಇದರ ಶತ್ರು, ನೆನೆದರೆ ಎರಡು ದಿನ ತೂಕ ಬಿಡುವುದಿಲ್ಲ. ಅದಕ್ಕೆ ಅವ್ವ ಬಕ್ಕಲ್ಲು ಹೊಲಿಯದೆ ನಾಲ್ಕು ಮೂಲೆಗೆ ಲಾಡಿ ಇಟ್ಟಿದ್ದಾಳೆ. ಮೋಡ ಕಂಡರೆ ಒಂದೇ ನಿಮಿಷದಲ್ಲಿ ಬಿಚ್ಚಿ ಪೆಟ್ಟಿಗೆಗೆ ಹಾಕಬಹುದು. ರಾತ್ರಿ ತಂಗಿದ ಕಡೆ ಹೊದೆಯಲೂಬಹುದು, ಹೊದ್ದಿದ್ದೇನೆ. ಊರಿನ ಹೆಸರು ಇದರ ಮೇಲೆ ಎಲ್ಲೂ ಇಲ್ಲ. ಆದರೂ ಅನ್ನವರಂನಲ್ಲಿ ಒಬ್ಬ ಲಾರಿ ಚಾಲಕರು ದೂರದಿಂದಲೇ ನೋಡಿ, 'ಯಾವೂರ್ರೀ, ಹುನಗುಂದ ಕಡೇರೇನು?' ಎಂದು ಕೇಳಿಕೊಂಡು ಬಂದರು. ಖಣದ ಕಡ್ಡಿಯ ನಮೂನೆ ಗುರುತು ಸಿಕ್ಕಿತ್ತು ಅವರಿಗೆ. ಸ್ಟಿಕ್ಕರಿನ ಬಗ್ಗೆ ಮೇಲೆ ಹೇಳಿದ್ದನ್ನು ಇಲ್ಲಿಟ್ಟು ನೋಡಿ.

ಇದರ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ, ಅದು ಸಣ್ಣದಲ್ಲ. ಅವ್ವನಿಗೆ ಈಗ ಎಪ್ಪತ್ತನಾಲ್ಕು. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಆದರೂ ಸೂಜಿಯ ಕಣ್ಣು ಕಾಣುವುದಿಲ್ಲ, ಬೆರಳು ಮಡಚುವುದಿಲ್ಲ. ಇನ್ನು ಕೌದಿ ಹೊಲಿಯುವುದಿಲ್ಲ ಎಂದು ಹೇಳಿಬಿಟ್ಟಿದ್ದಾಳೆ. ಹಾಗಾದರೆ ಇದು ಕೊನೆಯದು. ನನ್ನ ಹೆಂಡತಿ ಮೈಸೂರಿನವಳು, ಚಿತ್ರಕಲೆ ಓದಿದವಳು. ಅವಳ ವಾದ: ಇದನ್ನು ಬಿಸಿಲಿಗೆ, ಉಪ್ಪುಗಾಳಿಗೆ, ನಿನ್ನ ಕುಂಡೆಯ ಕೆಳಗೆ ಹಾಕಿ ಸವೆಸುವುದು ಅನ್ಯಾಯ. ಕೌದಿಗಳು ಈಗ ಗ್ಯಾಲರಿಯ ಗೋಡೆ ಏರಿವೆ, ಇದನ್ನೂ ಗಾಜು ಹಾಕಿಸಿ ಹಾಲಿನಲ್ಲಿ ತೂಗುಹಾಕೋಣ, ಮಗಳಿಗೆ ಉಳಿಯುತ್ತದೆ. ಇದು ತೂಕದ ಮಾತು, ತಮಾಷೆ ಮಾಡಿ ದಾಟಲು ಬರುವುದಿಲ್ಲ. ಉಳಿಸಿಕೊಂಡರೆ ಅವ್ವನ ಕೈಯ ಟಾಕಿ ಇನ್ನು ಐವತ್ತು ವರ್ಷ ಇರುತ್ತದೆ. ಹೀಗೇ ಓಡಿಸಿದರೆ ಇನ್ನೈದು ವರ್ಷ. ಆದರೂ ನಾನು ಒಪ್ಪಿಲ್ಲ. ಕೌದಿ ಹುಟ್ಟುವುದೇ ಸವೆದ ಬಟ್ಟೆಯಿಂದ. ಸವೆಯಬಾರದು ಎಂಬ ಷರತ್ತಿನ ಮೇಲೆ ಅದನ್ನು ಗೋಡೆಗೆ ಏರಿಸಿದ ದಿನ ಅದು ಕೌದಿಯ ಚಿತ್ರವಾಗುತ್ತದೆ. ವೈಸರಿನ ಹಿಂದೆ ಅಂಬಾರಿ ಆನೆ ಇಟ್ಟದ್ದು ಎಷ್ಟು ಅಸ್ಥಾನವೋ ಗಾಜಿನ ಹಿಂದೆ ಸೀಟಿನ ಜೂಲ ಇಡುವುದೂ ಅಷ್ಟೇ ಅಸ್ಥಾನ. ಹೆಂಡತಿ ಇದಕ್ಕೆ ಉತ್ತರ ಕೊಟ್ಟಿದ್ದಾಳೆ: 'ನಿಮ್ಮ ವಾದ ಸರಿಯಿರಬಹುದು. ಆದ್ರೆ ನಿಮ್ಮ ಸಿದ್ಧಾಂತಕ್ಕೆ ಅತ್ತೆಯ ಕೌದಿ ಯಾಕೆ ಖರ್ಚಾಗಬೇಕು?' ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಅವ್ವನನ್ನು ಕೇಳಿದರೆ, 'ಕುಂಡ್ರಾಕ ಹೊಲದೇನಿ, ಕುಂಡ್ರು' ಅನ್ನುತ್ತಾಳೆ. ಹೆಂಡತಿ ಆ ಮಾತನ್ನೂ ಪೂರ್ತಿ ನಂಬುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಬಲತೊಡೆ ಉಜ್ಜುವ ಜಾಗದಲ್ಲಿ ಮೇಲಿನ ಎರಡು ಪದರ ಹರಿದವು. ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಪಿನ್ನಿಗಾರು ಅದನ್ನು ನೋಡಿ, 'ಇದಿ ಬೊಂತ ಕದಾ!' ಎಂದು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿದರು. ನಮ್ಮ ಕೌದಿಗೆ ತೆಲುಗಿನಲ್ಲಿ ಬೊಂತ. ಅವರು ವಿಜಯವಾಡದ ಕಡೆಯವರು, ಚಿಕ್ಕಂದಿನಲ್ಲಿ ಅಮ್ಮನ ಜತೆ ಕೂತು ಹೊಲಿದವರು. ಮರುದಿನ ತಮ್ಮದೊಂದು ಹಳೆಯ ಮಂಗಳಗಿರಿ ಸೀರೆಯ ತುಂಡು ಹಾಕಿ ತೇಪೆ ಹೊಲಿದು ತಂದುಕೊಟ್ಟರು. ಹಸಿರು, ತುದಿಯಲ್ಲಿ ಸಣ್ಣ ಜರಿ ಅಂಚು. ದಾಳಿಂಬೆ ಬಣ್ಣದ ಪಕ್ಕ ಅದು ಎದ್ದು ಕಾಣುತ್ತದೆ, ಮುಚ್ಚಿಡುವ ಪ್ರಯತ್ನ ಮಾಡಿಲ್ಲ. ಕಾದಂಬರಿಗೆ ಬೇರೆಯವರು ಬಂದು ಒಂದು ಅಧ್ಯಾಯ ಸೇರಿಸಿದರೆ ನಾವು ಕೃತಿ ಕೆಟ್ಟಿತು ಅನ್ನುತ್ತೇವೆ. ಕೌದಿಯಲ್ಲಿ ಹಾಗನ್ನಲು ಬರುವುದಿಲ್ಲ, ಅದರ ಕಟ್ಟಡವೇ ತೇಪೆ.

ವಿಡಿಯೊ ಕಾಲಿನಲ್ಲಿ ಅವ್ವನಿಗೆ ತೋರಿಸಿದೆ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. 'ಬಣ್ಣ ಚಲೋ ಆರಿಸ್ಯಾರ. ಟಾಕಿ ಭಾಳ ದೂರ ದೂರ ಹಾಕ್ಯಾರ. ಮತ್ತ ಅಂಚ ಒಳಗ ಮಡಚಿಲ್ಲ, ನಾಕ ತಿಂಗಳಿಗೆ ಎಳಿ ಬಿಡತೈತಿ ನೋಡು.' ಪಿನ್ನಿಗಾರು ಪಕ್ಕದಲ್ಲೇ ಇದ್ದರು. ಏನಂದರು ಎಂದು ಕೇಳಿದಾಗ ತೆಲುಗಿನಲ್ಲಿ ಹೇಳಿದೆ, ಯಾವುದನ್ನೂ ಬಿಡದೆ. ಅವರು ಸ್ವಲ್ಪವೂ ಬೇಸರಿಸದೆ, ಅಂಚು ಮಡಚಿದರೆ ಅಲ್ಲಿ ಗಂಟಾಗುತ್ತದೆ, ಮುನ್ನೂರೈವತ್ತು ಕಿಲೋಮೀಟರು ಕೂರುವವನ ತೊಡೆಗೆ ಅದು ಒತ್ತುತ್ತದೆ, ಮಲಗುವ ಬೊಂತಕ್ಕೆ ಮಡಚಬೇಕು, ಕೂರುವುದಕ್ಕೆ ಮಡಚಬಾರದು ಎಂದು ಅಮ್ಮಗಾರಿಗೆ ಹೇಳಿ ಅಂದರು. ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಟಾಕಿ ಮಾತ್ರ ದೂರ ಆಗ್ಯಾವು' ಅಂದಳು.

ಎಡತೊಡೆಯ ಜಾಗದಲ್ಲೂ ಈಗ ಎಳೆ ತೆಳುವಾಗುತ್ತಿದೆ. ಅಲ್ಲಿಗೆ ಹಾಕಲು ಅವ್ವ ಊರಿನಿಂದ ಒಂದು ಖಣದ ತುಂಡು ಕಳಿಸಿದ್ದಾಳೆ. ಪಿನ್ನಿಗಾರು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಇದು ತುಂಬಾ ಗಟ್ಟಿ, ಸುತ್ತಲಿನ ಬಟ್ಟೆಯನ್ನು ಹರಿಯುತ್ತದೆ ಎಂದು ಪಕ್ಕಕ್ಕಿಟ್ಟಿದ್ದಾರೆ.